ಮಂದಾಕಿನಿಯ ಮದುವೆ ನಾನು ಮುರಿದದ್ದು

ನನ್ನ ಮೊಮ್ಮಗಳು ಕಥೆ ಬರೆಯುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆಮೇಲೆ ಕುರಿ ಹಿಂದೆ ಹೋದೆ. ಅಂಥವಳ ಮಗಳ ಮಗಳು ಸ್ಫೂರ್ತಿ, ಶಿಕಾರಿಪುರದ ಕಾಲೇಜಿನಲ್ಲಿ ಓದುತ್ತಾ ಫೋನಿನಲ್ಲೇ ಕಥೆ ಬರೆಯುತ್ತಾಳೆ, ಅದನ್ನು ನೂರಾರು ಜನ ಕಾದು ಕೂತು ಓದುತ್ತಾರೆ ಅಂದರೆ ನನ್ನ ಕಾಲು ನೆಲದ ಮೇಲೆ ನಿಂತೀತಾ ಹೇಳಿ! ನಮ್ಮ ಕುಪ್ಪಗಡ್ಡೆಯಲ್ಲಿ ನಾನು ಈ ಸುದ್ದಿ ಹೇಳದ ಮನೆ ಇಲ್ಲ. ಎರಡು ಸಲ ಹೇಳಿದ ಮನೆಗಳಿವೆ.

ಕಥೆ ಅಂದರೆ ಸಂಜೆ ಟೀವಿಯಲ್ಲಿ ಬರುವ ಧಾರಾವಾಹಿಯವರದ್ದೇ. ಅದರಲ್ಲಿ ಮಂದಾಕಿನಿ ಅಂತ ಒಬ್ಬ ಹುಡುಗಿ. ಅವಳಿಗೆ ಇಬ್ಬರು ಗಂಡುಗಳು ಕಾದಿದ್ದಾರೆ. ಒಬ್ಬ ರಣಧೀರ. ಭಾರಿ ಸಾಹುಕಾರ, ಮಾತೆತ್ತಿದರೆ ಹುಡುಗಿಯ ರಟ್ಟೆ ಹಿಡಿದು ಎಳೆಯುತ್ತಾನೆ. ಇನ್ನೊಬ್ಬ ಬಸವಂತ. ದನದ ಡಾಕ್ಟರು, ಉಂಡ ತಟ್ಟೆ ತಾನೇ ತೊಳೆದಿಡುತ್ತಾನೆ. ಧಾರಾವಾಹಿಯವರು ಇಬ್ಬರಿಗೂ ಕೊಡದೆ ಎರಡು ವರ್ಷದಿಂದ ಎಳೆದಾಡುತ್ತಿದ್ದಾರೆ. ಅದಕ್ಕೇ ನೋಡುವವರೇ ಒಂದು ಗ್ರೂಪು ಕಟ್ಟಿಕೊಂಡು, ತಮಗೆ ಬೇಕಾದ ಹಾಗೆ ಜೋಡಿ ಮಾಡಿ ಕಥೆ ಬರೆದುಕೊಳ್ಳುತ್ತಾರೆ. ಆ ಗ್ರೂಪಿಗೆ ನನ್ನ ಮೊಮ್ಮಗಳೇ ಯಜಮಾನಿ! ಹೆಣ್ಣುಮಕ್ಕಳೆಲ್ಲ ಬಸವಂತನ ಪಕ್ಷ. ಗಂಡುಹುಡುಗರೆಲ್ಲ ರಣಧೀರನ ಪಕ್ಷ. ಚುನಾವಣೆಯಲ್ಲೂ ಅಷ್ಟು ಜಗಳ ನಾನು ಕಂಡಿಲ್ಲ.

ಸ್ಫೂರ್ತಿ ನಲವತ್ತು ಕಂತು ಬರೆದು ಮಂದಾಕಿನಿಯನ್ನು ಬಸವಂತನ ಮನೆ ಹೊಸಿಲಿನವರೆಗೆ ತಂದಿದ್ದಳು. ಕೊನೆಯದು ಮದುವೆ ಕಂತು. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಹಾಕುತ್ತೇನೆ ಅಂತ ವಾರದಿಂದ ಸಾರಿದ್ದಳು. ಅದೇ ಸೋಮವಾರ ಹತ್ತು ಗಂಟೆಗೆ ಅವಳ ಕಡೇ ಪರೀಕ್ಷೆ ಬಿತ್ತು. ಪರೀಕ್ಷೆ ಮುಗಿದ ಮೇಲೆ ರಜಕ್ಕೆ ಅವಳನ್ನು ನಮ್ಮೂರಿಗೆ ಕರಕೊಂಡು ಹೋಗಲು ನಾನೂ ನಮ್ಮ ಯಜಮಾನರೂ ಕಾಲೇಜಿನ ಗೇಟಿನ ಹತ್ತಿರ ಹಾಜರಿದ್ದೆವು.

"ಅಜ್ಜಿ, ಒಳಗೆ ಫೋನ್ ಬಿಡಲ್ಲ. ಇಡೀ ಕಂತು ಇಲ್ಲೇ ಬರೆದಿಟ್ಟಿದೀನಿ. ಹತ್ತೂವರೆಗೆ ಈ ಹಸಿರು ಬಾಣ ಒತ್ತು, ಸಾಕು. ಬೇರೆ ಏನೂ ಮುಟ್ಟಬೇಡ. ಇದು ಇನ್ನೆಲ್ಲೂ ಇಲ್ಲ."

"ಹನ್ನೆರಡು ಮದುವೆ ಕೂಡ್ಸಿದೀನಿ ಕಣೆ ನಾನು. ಒಂದು ಗುಂಡಿ ಒತ್ತಕ್ಕೆ ಬರಲ್ವಾ? ಹೋಗು, ಚೆನ್ನಾಗಿ ಬರಿ!"

ನಾನು ಕಲ್ಲುಬೆಂಚಿನ ಮೇಲೆ ಕೂತು, ಫೋನನ್ನು ಮಡಿಲಲ್ಲಿಟ್ಟುಕೊಂಡೆ. ಅದು ಆಗಾಗ ಕಣ್ಣು ಮುಚ್ಚುತ್ತಿತ್ತು. ಮಲಗಿಬಿಟ್ಟರೆ ಏನು ಗತಿ ಅಂತ ಸವರುತ್ತಾ ಇದ್ದೆ. ಹತ್ತೂ ಇಪ್ಪತ್ತಕ್ಕೆ ಅಕ್ಷರಕ್ಕೆಲ್ಲ ನೀಲಿ ಬಣ್ಣ ಬಂತು.

"ರೀ, ಇದೇನ್ರೀ ನೀಲಿ?"

"ಬೆವರು ತಾಗಿರಬೇಕು. ಒರೆಸು" ಅಂದರು ನಮ್ಮ ಯಜಮಾನರು. ಅವರು ನಾಲ್ಕನೇ ಕ್ಲಾಸು, ನನಗಿಂತ ಹೆಚ್ಚು ಓದಿದವರು.

ಒರೆಸಿದೆ. ನೀಲಿ ಹೋಯಿತು. ಅಕ್ಷರವೂ ಹೋಯಿತು!

ಹಸಿರು ಬಾಣವೂ ಇಲ್ಲ. ಅದರ ಜಾಗದಲ್ಲಿ ಒಂದು ಮೈಕು ಕೂತಿತ್ತು. ಜಾಗ ಅದೇ ತಾನೆ, ಒತ್ತಿದರೆ ಒಳಗೆ ಹೋದದ್ದು ಹೊರಗೆ ಬಂದೀತು ಅಂತ ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೆ.

"ಅಯ್ಯೋ ರೀ, ಮಂದಾಕಿನಿ ಮದುವೆ ಅಳಿಸಿ ಹೋಯ್ತಲ್ರೀ!"

"ಹೋದ್ರೆ ಹೋಯ್ತು ಬಿಡು. ತಟ್ಟೆ ತೊಳೆಯೋನಿಗೆ ಯಾರು ಹೆಣ್ಣು ಕೊಡ್ತಾರೆ? ಗಂಡಸು ಅಂದ್ಮೇಲೆ ಆ ರಣಧೀರನ ಥರ ಗತ್ತು ಇರಬೇಕು."

"ಗತ್ತಂತೆ ಗತ್ತು! ಹೋದ ವರ್ಷ ನನ್ನ ಭುಜ ಹಿಡ್ಕೊಂಡಾಗ ನನ್ನ ಸೀರೆ ಒಗೆದೋರು ಯಾರು? ದಿನಾ ತಲೆ ಬಾಚಿ ಜಡೆ ಹಾಕಿದೋರು ಯಾರು? ರಣಧೀರ ಬಂದಿದ್ನಾ?"

ಬೆರಳು ನೋವಾಗಿ ಕೈ ಬಿಟ್ಟೆ. ಸುಂಯ್ ಅಂತ ಸದ್ದಾಯಿತು. ನಮ್ಮ ದಾಂಪತ್ಯ ನೂರಾರು ಜನಕ್ಕೆ ರವಾನೆಯಾಯಿತು!

ನಗುವ ಮುಖಗಳು ಬುಳುಬುಳು ಏಳತೊಡಗಿದವು. ಒಬ್ಬ ಹುಡುಗಿಯ ದನಿ ಬಂತು: "ಅಜ್ಜಿ, ನಿಮ್ಮ ಯಜಮಾನರೇ ನಿಜವಾದ ಬಸವಂತ!" ಅದನ್ನು ಕೇಳಿದ್ದೇ ನಮ್ಮ ಯಜಮಾನರು ಬೆಂಚಿನ ಆ ತುದಿಗೆ ಸರಿದರು. "ಸೀರೆ ಹೇಳಿದ್ದು ಸರಿ. ಜಡೆ ವಿಷಯ ಯಾಕೆ ಹೇಳ್ದೆ?" ಅಂದರು.

ಕಂತು ಅಳಿಸಿದ ಪಾಪವನ್ನು ಬಾಯಿಮಾತಲ್ಲಿ ತೊಳೆಯೋಣ ಅಂತ ನನಗೆ ಹುಮ್ಮಸ್ಸು ಬಂತು. ಮತ್ತೆ ಮೈಕು ಒತ್ತಿ, "ನಾನು ಸ್ಫೂರ್ತಿ ಅಜ್ಜಿ. ಮಂದಾಕಿನಿನ ಬಸವಂತನಿಗೇ ಕೊಟ್ಟಾಯ್ತು, ಎಲ್ಲರೂ ಊಟ ಮಾಡ್ಕೊಂಡು ಹೋಗಿ" ಅಂದೆ. ಹೆಣ್ಣುಮಕ್ಕಳು ಹೂವಿನ ಚಿತ್ರ ಸುರಿದರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಿದ್ದೆ. ನಾನು ನಿಲ್ಲಿಸುವ ಪೈಕಿಯಲ್ಲ.

ಒಬ್ಬ ಹುಡುಗ ಬಹಳ ವಿನಯದಿಂದ ಕೇಳಿದ: "ಅಜ್ಜಿ, ನೀವು ಸಂಬಂಧ ನೋಡೋರು ಅಂತ ಸ್ಫೂರ್ತಿ ಹೇಳ್ತಿರ್ತಾಳೆ. ಪದ್ಧತಿ ಪ್ರಕಾರ ವಿಚಾರಿಸಿ ಕೊಟ್ರಾ, ಇಲ್ಲ ಮೊಮ್ಮಗಳು ಹೇಳಿದ್ಲು ಅಂತ ಕೊಟ್ರಾ?"

ಹನ್ನೆರಡು ಮದುವೆ ಕೂಡಿಸಿದವಳಿಗೆ ಇಂಥ ಮಾತೇ? ಸದರಿ ಸಂಬಂಧದ ವಿಚಾರಣೆಯನ್ನು ಅಲ್ಲೇ ಶುರು ಮಾಡಿದೆ. ಹುಡುಗನಿಗೆ ಸರ್ಕಾರಿ ನೌಕರಿ, ಪಾಸು. ಅತ್ತೆ ಬಾಯಿ ಸಣ್ಣದು, ಪಾಸು. ಪಹಣಿಯಲ್ಲಿ ಅವನ ಹೆಸರಿದೆಯೋ ಇಲ್ಲವೋ ಟೀವಿಯಲ್ಲಿ ತೋರಿಸಿಲ್ಲ, ಇರಲಿ. ಆಮೇಲೆ ಬೆಡಗು. ನಮ್ಮಲ್ಲಿ ಎಲ್ಲಕ್ಕಿಂತ ಮುಖ್ಯ ಬೆಡಗು. ಒಂದೇ ಬೆಡಗಿನವರು ಅಂದರೆ ಒಂದೇ ಬಳ್ಳಿಯವರು, ಅಣ್ಣ ತಂಗಿ ಲೆಕ್ಕ. ಹೋದ ತಿಂಗಳು ಟೀವಿಯ ಒಂದು ಕಂತಿನಲ್ಲಿ ಬಸವಂತನ ತಾಯಿ ಮನೆದೇವರಿಗೆ ಮುಡಿಪು ಕಟ್ಟಿದ್ದು ನೆನಪಾಯಿತು. ಮಂದಾಕಿನಿಯ ಅಪ್ಪ ಕಾಯಿಲೆ ಬಿದ್ದಾಗ ಅವರ ಮನೆಯಲ್ಲಿ ಹರಕೆ ಹೊತ್ತದ್ದೂ ಅದೇ ದೇವರಿಗೆ. ಎರಡೂ ಮನೆಯವರದ್ದು ಒಂದೇ ಮನೆದೇವರು. ನಾನು ನೋಡಿದ ಮಟ್ಟಿಗೆ ಅಂದರೆ, ಒಂದೇ ಬೆಡಗು!

ಬಾಯಿ ಮುಚ್ಚಬಹುದಿತ್ತು. ಮೈಕು ಒತ್ತಿದ್ದೆನಲ್ಲ!

"ಅಯ್ಯಯ್ಯೋ, ಇವರಿಬ್ರೂ ಅಣ್ಣ ತಂಗಿ ಆಗ್ತಾರೆ ಕಣ್ರೋ! ಈ ಮದುವೆ ಕೂಡದು!"

ಸುಂಯ್.

ಗಂಡುಹುಡುಗರು ಪಟಾಕಿ ಹಚ್ಚಿದರು, ಫೋನಿನಲ್ಲೇ. "ಬರೆದವಳ ಅಜ್ಜಿಯೇ ಹೇಳಿದ್ದಾರೆ" ಅಂತ ನನ್ನ ದನಿಯನ್ನೇ ತಿರುಗಾ ಮುರುಗಾ ಹಾಕಿದರು. ಒಬ್ಬಳು ಹುಡುಗಿ ಬರೆದಳು, ಅಕ್ಷರ ಕೂಡಿಸಿ ಓದಿದೆ: "ರಟ್ಟೆ ಎಳೆಯೋನು ಗಂಡ ಆಗಬಹುದು, ಮರ್ಯಾದೆ ಕೊಡೋನು ಅಣ್ಣ ಆಗ್ತಾನಾ? ನೀವೂ ಹೆಂಗಸಾಗಿ ಹೀಗಾ ಅಜ್ಜಿ?" ನನಗೆ ಕಣ್ಣಲ್ಲಿ ನೀರು ಬಂತು. ನಾನು ಅವಳ ಕಡೆಯವಳೇ! ಹಾಗಂತ ಹೇಳಲು ಮೈಕು ಹುಡುಕುವಷ್ಟರಲ್ಲಿ ಅವಳು ಗ್ರೂಪು ಬಿಟ್ಟಿದ್ದಳು. ಹಿಂದೆಯೇ ಇನ್ನೊಬ್ಬಳು, ಮತ್ತೊಬ್ಬಳು. ಬೇಲಿ ಮುರಿದ ದೊಡ್ಡಿಯಿಂದ ಕುರಿ ಹೋದ ಹಾಗೆ ಸಾಲಾಗಿ ಹೋದರು.

ಒಂದು ಗಂಟೆಗೆ ಸ್ಫೂರ್ತಿ ಓಡಿಬಂದಳು. "ಸುಲಭ ಇತ್ತು ಅಜ್ಜಿ! ಕಳಿಸಿದ್ಯಾ? ಏನಂದ್ರು?"

ನಾನು ಫೋನು ಕೈಗಿಟ್ಟೆ. ಅವಳು ನಿಂತೇ ನೋಡಿದಳು. ನನ್ನ ದನಿಯನ್ನು ಮೂರು ಸಲವೂ ಪೂರ್ತಿ ಕೇಳಿದಳು. ಹೆಣ್ಣುಮಕ್ಕಳೆಲ್ಲ ಹೋಗಿ ಬೇರೆ ಗ್ರೂಪು ಕಟ್ಟಿದ್ದರು. ನನ್ನ ಮೊಮ್ಮಗಳು ಈಗ ರಣಧೀರನ ಪಕ್ಷಕ್ಕೆ ಯಜಮಾನಿ!

ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಸೊರಬದಲ್ಲಿ ಬಸ್ಸು ಬದಲಿಸುವಾಗ ನನ್ನ ಚೀಲ ತಾನೇ ಹಿಡಿದುಕೊಂಡಳು. ಕುಪ್ಪಗಡ್ಡೆಯಲ್ಲಿ ಎರಡು ದಿನ ಉಂಡಳು, ಮಲಗಿದಳು, ಒಂದು ಅಕ್ಷರ ಬರೆಯಲಿಲ್ಲ. ನಾನು ಹೋಳಿಗೆ ಮಾಡಿದೆ. ಅದನ್ನು ಯಜಮಾನರೊಬ್ಬರೇ ತಿಂದರು.

ಮೂರನೇ ದಿನ ನಾನು ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು. ಕೈಯಲ್ಲಿ ಫೋನು. ಕಣ್ಣಲ್ಲಿ ಒಂದು ಮಿಂಚು. ನನಗೆ ಕುಣಿಯುವಷ್ಟು ಖುಷಿ!

"ಅಜ್ಜಿ, ಒಂದು ದಾರಿ ಹೊಳೀತು. ಬಸವಂತ ಆ ಮನೇಲಿ ಹುಟ್ಟಿದೋನೇ ಅಲ್ಲ, ದತ್ತು ಮಗ ಅಂತ ಬರೀತೀನಿ. ಆಗ ಬೆಡಗು ಬೇರೆ ಆಗುತ್ತಲ್ವಾ? ನೀನು ಹೂಂ ಅಂದ್ರೆ ಸಾಕು, ನಿನ್ನ ದನೀಲೇ ಹೊಸ ಗ್ರೂಪಿನ ಯಜಮಾನಿಗೆ ಕಳಿಸ್ತೀನಿ, ನನ್ನನ್ನೂ ಸೇರಿಸ್ಕೋತಾರೆ."

ಮೈಕು ಒತ್ತಿ, ಫೋನನ್ನು ನನ್ನ ಬಾಯಿ ಹತ್ತಿರ ಹಿಡಿದಳು. ಹೂಂ ಅಂದರೆ ಮುಗಿದಿತ್ತು. ಒಂದೇ ಒಂದು ಹೂಂ!

"ಎಲ್ಲಾದ್ರೂ ಉಂಟೇನೆ?" ಅಂದೆ. "ದತ್ತು ತಗೊಂಡ ಮೇಲೆ ಆ ಮನೆ ಬೆಡಗೇ ಬರೋದು."

ಸುಂಯ್.