ಬೆಕ್ಕಿನ ಊಟಕ್ಕೊಂದು ಹಗುರ ಡೇಟಾಬೇಸ್

ಬೆಕ್ಕು ಮೆಟ್ಟಿಲಿನ ಎರಡು ಕಂಬಿಗಳ ನಡುವೆ ಸಿಕ್ಕಿಹಾಕಿಕೊಂಡಿತ್ತು. ಮೊನ್ನೆಮೊನ್ನೆಯವರೆಗೂ ಅದು ಅದೇ ಕಂಬಿಗಳ ನಡುವೆ ಗಾಳಿಯ ಹಾಗೆ ನುಸುಳಿ ಓಡಾಡುತ್ತಿತ್ತು. ಕಂಬಿಗಳಂತೂ ಕುಗ್ಗಿರಲಿಲ್ಲ. ಹಾಗಾದರೆ ಹಿಗ್ಗಿದ್ದು ಯಾರು ಎಂಬ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ.

ನಾಲ್ಕು ಮನೆಗಳ ಆ ಕಟ್ಟಡದಲ್ಲಿ ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ಕೆಳಮನೆಯ ನಲ್ಲಿ ರಿಪೇರಿಯವನು ಬೆಕ್ಕಿನ ಹೊಟ್ಟೆಗೆ ಸೋಪಿನ ನೀರು ಸವರಿ, ತುಕ್ಕು ಹಿಡಿದ ಪೈಪನ್ನು ತಿರುಗಿಸುವಂತೆ ಮೆಲ್ಲಗೆ ತಿರುಗಿಸಿ ಬಿಡಿಸಿದ. ಎದುರುಮನೆಯ ನಿವೃತ್ತ ಗಣಿತದ ಟೀಚರ್ ತಮ್ಮ ಶಾಲು ಹೊದಿಸಿದರು. ಅದನ್ನು ಎತ್ತಿಕೊಂಡು ಪಕ್ಕದ ಬೀದಿಯ ಪಶುವೈದ್ಯೆಯ ಹತ್ತಿರ ಹೋಗುವ ಕೆಲಸ ಮಾತ್ರ ಕನ್ನಡಕದವರ ಪಾಲಿಗೆ ಬಂತು.

ಕನ್ನಡಕದವರು ಎಂದರೆ ಮೊದಲನೇ ಮಹಡಿಯವರು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವರ ವೃತ್ತಿ; ರಜೆಯ ದಿನ ಮನೆಯಲ್ಲಿ ಕೂತು ಸಣ್ಣಪುಟ್ಟ ಪ್ರೋಗ್ರಾಂ ಬರೆಯುವುದು ಹವ್ಯಾಸ. ಹಿಂದೊಮ್ಮೆ ಕಿಟಕಿಯ ಗಿಡಕ್ಕೆ ನೀರು ಹಾಕಲು ನೆನಪಿಸುವ ಪ್ರೋಗ್ರಾಂ ಬರೆದಿದ್ದರು. ಬರೆದು ಮುಗಿಸುವಷ್ಟರಲ್ಲಿ ಗಿಡ ಒಣಗಿತ್ತು. ಪ್ರೋಗ್ರಾಂ ಮಾತ್ರ ಇಂದಿಗೂ ತಪ್ಪದೆ ನೆನಪಿಸುತ್ತದೆ.

ಪಶುವೈದ್ಯೆ ಬೆಕ್ಕಿನ ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಅವರ ಮುಖದಲ್ಲಿ ನಗು ಇರಲಿಲ್ಲ.

"ಇದರ ಹೃದಯ ಬೆಕ್ಕಿಂದೇ. ಮೈ ಮಾತ್ರ ಬೇರೆ ಯಾರ್ದೋ. ಹೀಗೇ ಬಿಟ್ರೆ ತುಂಬಾ ದಿನ ಇರಲ್ಲ. ದಿನಕ್ಕೆ ಒಂದೇ ಸಲ ಊಟ, ಅದೂ ಸಂಜೆ. ಇದಕ್ಕೆ ಊಟ ಹಾಕೋದು ಯಾರು?"

"ನಮ್ಮ ಕಟ್ಟಡದಲ್ಲಿ ಯಾರೋ ಒಬ್ರು ಹಾಕ್ತಾರೆ," ಎಂದರು ಕನ್ನಡಕದವರು.

"ಒಬ್ರು ಹಾಕಿದ್ರೆ ಹೀಗಾಗಲ್ಲ," ಎಂದರು ವೈದ್ಯೆ.

ಮೆಟ್ಟಿಲ ಮೇಲೆ ಪಂಚಾಯಿತಿ ಕೂತಿತು. ಯಾರು ಹಾಕುತ್ತೀರಿ ಎಂದು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳಿದರು: "ನಾನೇನು ಹಾಕ್ತೀನಿ, ಒಂಚೂರು ಅಷ್ಟೆ." ಟೀಚರ್ ಪಾಲಿಗೆ ಅದು 'ಪುಟ್ಟಿ'. ಬೆಳಿಗ್ಗೆ ಅವರು ಬಾಗಿಲು ತೆಗೆಯುವುದಕ್ಕೂ ಅದು ಬಂದು ಕೂರುವುದಕ್ಕೂ ಸರಿಹೋಗುತ್ತಿತ್ತು; ದಿನದ ಮೊದಲ ಮಾತನ್ನು ಅವರು ಅದರ ಜೊತೆಯೇ ಆಡುತ್ತಿದ್ದರು. ನಲ್ಲಿಯವನಿಗೆ ಅದು 'ಪೈಲ್ವಾನ್'. ಮೇಲ್ಮಹಡಿಯ ಭಾವ, ಅಂದರೆ ಕನ್ನಡಕದವರ ಹೆಂಡತಿಯ ಅಣ್ಣ, ಬ್ಯಾಂಕಿನ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ ಮಾಡುವವನು, ಅದನ್ನು 'ಮ್ಯಾನೇಜರ್' ಎಂದು ಕರೆಯುತ್ತಿದ್ದ. ಅದು ತಮ್ಮೊಬ್ಬರ ಮನೆಗೆ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ ಎಂದು ಮೂವರೂ ನಂಬಿದ್ದರು. ಆ ನಂಬಿಕೆ ಅಂದು ಬೆಳಿಗ್ಗೆ ಎಲ್ಲರೆದುರು ಒಡೆದುಹೋಗಿ, ಮೂವರೂ ಬೆಕ್ಕಿನ ಕಡೆ ಸ್ವಲ್ಪ ಮುನಿಸಿನಿಂದಲೇ ನೋಡುತ್ತಿದ್ದರು. ಕನ್ನಡಕದವರ ಹೆಂಡತಿ ಮಾತ್ರ, "ನಮ್ಮನೇಲಿ ಆ ಅಭ್ಯಾಸವೇ ಇಲ್ಲಪ್ಪ," ಎಂದು ಕೈ ತೊಳೆದುಕೊಂಡಳು.

ಆ ಹೊತ್ತಿನಲ್ಲಿ ಕನ್ನಡಕದವರು ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಟೀಚರ್ ಕಣ್ಣು ಒದ್ದೆಯಾಗಿದ್ದು ಕಂಡು ಅವರ ಬಾಯಿ ತಡೆಯಲಿಲ್ಲ.

"ನಾನೊಂದು ಪ್ರೋಗ್ರಾಂ ಬರೀತೀನಿ. ಊಟ ಹಾಕಿದವ್ರು ಫೋನಲ್ಲಿ ಒಂದು ಗುಂಡಿ ಒತ್ತಿದ್ರೆ ಆಯ್ತು. ಬೆಕ್ಕು ಊಟ ಮಾಡಿದೆ ಅಂತ ಎಲ್ರಿಗೂ ಗೊತ್ತಾಗುತ್ತೆ, ಬೇರೆಯವ್ರು ಹಾಕಲ್ಲ. ಸಂಜೆ ಒಳಗೆ ಮುಗಿಸ್ತೀನಿ."

"ಡೇಟಾಬೇಸ್ ಯಾವ್ದು?" ಎಂದ ಭಾವ.

ಕನ್ನಡಕದವರು ಅಲ್ಲಿಗೆ ಸಿಕ್ಕಿಬಿದ್ದರು.

"ಹಾಗಂದ್ರೇನು?" ಎಂದ ನಲ್ಲಿಯವನು.

"ಮಾಹಿತಿ ಇಡೋ ಕಪಾಟು," ಎಂದರು ಕನ್ನಡಕದವರು.

"ಕಪಾಟಂತೆ! ಅದು ಅಡಿಪಾಯ," ಎಂದ ಭಾವ. "ಇವತ್ತು ಒಂದು ಬೆಕ್ಕು ಅಂತೀಯ. ನಾಳೆ ಸಾವಿರ ಬೆಕ್ಕು ಬಂದ್ರೆ?"

"ಅಷ್ಟು ಬಂದ್ರೆ ನಾವು ಮನೆ ಖಾಲಿ ಮಾಡೋದು ಒಳ್ಳೇದು," ಎಂದರು ಟೀಚರ್.

ಆದರೆ ಸಾವಿರ ಬೆಕ್ಕುಗಳ ಮಾತು ಕನ್ನಡಕದವರ ತಲೆಯಲ್ಲಿ ಕೂತುಬಿಟ್ಟಿತು. ಹವ್ಯಾಸದ ಕಷ್ಟವೇ ಅದು. ಅಂಗಡಿಯಲ್ಲಿ ಯಾರ ಕಣ್ಣಿಗೆ ಯಾವ ಗಾಜು ಎಂದು ಡಾಕ್ಟರು ಬರೆದು ಕಳಿಸುತ್ತಾರೆ, ಉಜ್ಜಿದರೆ ಮುಗಿಯಿತು. ಮನೆಯ ಮೇಜಿನ ಮುಂದೆ ಹಾಗೆ ಹೇಳುವವರು ಯಾರೂ ಇಲ್ಲ. ಯಾವುದನ್ನು ಬೇಕಾದರೂ ಆರಿಸಬಹುದು. ಆರಿಸುವ ಆ ಸುಖದಲ್ಲಿ ಎಷ್ಟೋ ರಜೆಗಳು ಕಳೆದುಹೋಗಿದ್ದವು, ಎಷ್ಟೋ ಪ್ರೋಗ್ರಾಂಗಳು ಹುಟ್ಟದೆಯೇ ಉಳಿದಿದ್ದವು.

ಭಾವ ಅವರ ಹಿಂದೆಯೇ ಒಳಗೆ ಬಂದು ಕುರ್ಚಿ ಎಳೆದುಕೊಂಡ. ಅವನ ಬ್ಯಾಂಕಿನಲ್ಲಿರುವಂಥದ್ದೇ ದೊಡ್ಡ ಡೇಟಾಬೇಸ್ ಸರ್ವರ್ ಹಾಕಬೇಕಂತೆ. ಅದು ಹಗಲೂ ರಾತ್ರಿ ಓಡುತ್ತಿರಬೇಕು, ಅದಕ್ಕೆ ಬೇರೆ ಪಾಸ್‌ವರ್ಡ್ ಬೇಕು, ಅದರ ನಕಲು ಇನ್ನೊಂದು ಕಟ್ಟಡದಲ್ಲಿರಬೇಕು.

"ಇನ್ನೊಂದು ಕಟ್ಟಡ ಯಾಕೆ?"

"ಈ ಕಟ್ಟಡಕ್ಕೆ ಬೆಂಕಿ ಬಿದ್ರೆ?"

"ಬಿದ್ರೆ ಬೆಕ್ಕು ಊಟ ಮಾಡಿತ್ತಾ ಇಲ್ವಾ ಅಂತ ಯಾರು ಕೇಳ್ತಾರೆ ಭಾವ?"

"ಆಡಿಟ್‌ನವ್ರು ಕೇಳ್ತಾರೆ," ಎಂದ ಭಾವ ಗಂಭೀರವಾಗಿ.

ಹಳೆಯ ಲ್ಯಾಪ್‌ಟಾಪಿಗೆ ಆ ಸರ್ವರ್ ಇಳಿಯುವಾಗ ಅದರ ಫ್ಯಾನು ಏದುಸಿರು ಬಿಡತೊಡಗಿತು. ಕೀಲಿಮಣೆ ಬಿಸಿಯಾಯಿತು. ವೈದ್ಯೆಯ ಮೇಜಿನ ತಣ್ಣನೆಯ ತಗಡಿನ ಮೇಲೆ ಮಲಗಿ ಬೇಸತ್ತಿದ್ದ ಬೆಕ್ಕು ಎಲ್ಲಿಂದಲೋ ಬಂದು, ಆ ಬಿಸಿಯ ಮೇಲೆ ಮದುವೆಮನೆಯ ಹಿರಿಯರಂತೆ ಸಾವಕಾಶವಾಗಿ ಕೂತಿತು. ಪರದೆಯ ತುಂಬ ಒಂದೇ ಅಕ್ಷರ ಹರಿಯತೊಡಗಿತು. ಕನ್ನಡಕದವರು ಒಂದು ಕಡೆಯಿಂದ, ಭಾವ ಇನ್ನೊಂದು ಕಡೆಯಿಂದ ಎತ್ತಲು ನೋಡಿದರು. ಬೆಕ್ಕು ಏಳುವ ಮೊದಲೇ ಲ್ಯಾಪ್‌ಟಾಪ್ ಕಣ್ಣುಮುಚ್ಚಿತು.

"ಬ್ಯಾಂಕಲ್ಲಿ ಇದನ್ನೇ ಲೋಡ್ ಜಾಸ್ತಿಯಾಯ್ತು ಅಂತೀವಿ," ಎಂದು ಹೇಳಿ ಭಾವ ಊಟಕ್ಕೆ ಹೊರಟುಹೋದ.

ಲ್ಯಾಪ್‌ಟಾಪ್ ಮತ್ತೆ ಉಸಿರಾಡಿದ ಮೇಲೆ ನಲ್ಲಿಯವನು ಬಂದ. ಅವನದು ನೇರ ಮಾತು. "ನಾಲ್ಕು ಮನೆ, ಒಂದು ಬೆಕ್ಕು. ಸುಮ್ನೆ ಒಂದು ಫೈಲಲ್ಲಿ ಬರ್ಕೊಂಡು ಹೋಗಕ್ಕಾಗಲ್ವಾ? ಜೋಡಣೆ ಹೆಚ್ಚಾದಷ್ಟೂ ಸೋರೋ ಜಾಗ ಹೆಚ್ಚು."

ಮಾತು ಸರಿ ಎನಿಸಿತು. ಕನ್ನಡಕದವರು ಮಾಮೂಲಿ ಪಠ್ಯದ ಕಡತದಲ್ಲಿ ಒಂದೊಂದು ಸಾಲು ಬರೆಯುವಂತೆ ಮಾಡಿದರು. ಪರೀಕ್ಷೆಗೆಂದು ಟೀಚರ್ ಮತ್ತು ನಲ್ಲಿಯವನು ಒಟ್ಟಿಗೇ ಗುಂಡಿ ಒತ್ತಿದರು. ಕಡತದಲ್ಲಿ ಟೀಚರ್ ಸಾಲು ಮಾತ್ರ ಇತ್ತು.

"ನಂದೆಲ್ಲಿ?" ಎಂದ ನಲ್ಲಿಯವನು.

"ಇಬ್ರೂ ಒಟ್ಟಿಗೆ ಬರೆದ್ರಲ್ಲ, ಅವ್ರದ್ದು ನಿನ್ನದರ ಮೇಲೆ ಕೂತ್ಬಿಡ್ತು."

ನಲ್ಲಿಯವನಿಗೆ ನಿಜವಾಗಿಯೂ ಬೇಸರವಾಯಿತು. "ಅಂದ್ರೆ ನಾನು ಪೈಲ್ವಾನ್‌ಗೆ ಊಟ ಹಾಕಿದ್ದು ಲೆಕ್ಕಕ್ಕೇ ಇಲ್ಲ?"

"ಇದು ಬರೀ ಪರೀಕ್ಷೆ ಕಣಪ್ಪ," ಎಂದರೂ ಅವನ ಮುಖ ಗೆಲುವಾಗಲಿಲ್ಲ.

ಟೀಚರ್ ಮಾತ್ರ ಹೊರಡುವ ಮೊದಲು ಬಾಗಿಲಲ್ಲಿ ನಿಂತು ಕೇಳಿದರು: "ನೀನು ಏನನ್ನ ನೆನಪಿಟ್ಕೋಬೇಕು ಅಂತಿದೀಯ? ಯಾರು, ಯಾವಾಗ. ಅಷ್ಟೇ ತಾನೆ? ಅಷ್ಟಕ್ಕೆ ಎಷ್ಟು ಬೇಕೋ ಅಷ್ಟು ಮಾಡು. ಲೆಕ್ಕ ಸಣ್ಣದಿದ್ದಾಗ ದೊಡ್ಡ ಸೂತ್ರ ಹಾಕೋ ಮಕ್ಕಳಿಗೆ ನಾನು ಅಂಕ ಕಡಿಮೆ ಕೊಡ್ತಿದ್ದೆ."

ಆ ಮಾತು ಕನ್ನಡಕದವರಿಗೆ ನಾಟಿತು. ಅವರು ಬಾಗಿಲು ಹಾಕಿಕೊಂಡು ಒಬ್ಬರೇ ಯೋಚಿಸಿದರು. ಒಂದೇ ಕಡತದಲ್ಲಿ ಮಡಚಿಕೊಂಡು ಕೂರುವಂಥ ಸಣ್ಣ ಡೇಟಾಬೇಸ್ ಒಂದಿದೆ ಎಂದು ಅವರು ಎಲ್ಲೋ ಓದಿದ್ದರು. ಅದಕ್ಕೆ ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ನಕಲು ಬೇಕಾದರೆ ಪ್ರೋಗ್ರಾಂ ನಿಲ್ಲಿಸಿ ಆ ಒಂದು ಕಡತ ನಕಲು ಮಾಡಿಕೊಂಡರಾಯಿತು. ಇಬ್ಬರು ಒಟ್ಟಿಗೆ ಬರೆಯಲು ಬಂದರೆ ಒಬ್ಬರು ಮುಗಿಸುವವರೆಗೆ ಇನ್ನೊಬ್ಬರನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಅದನ್ನು ಯಾರೂ ಕಾವಲು ಕಾಯಬೇಕಾಗಿಲ್ಲ. ಕಾಯಿಸುವುದು ಮಾತ್ರ ಅದಕ್ಕೆ ಗೊತ್ತು. ಸಾವಿರ ಬೆಕ್ಕು ಬಂದ ದಿನ ನೋಡಿಕೊಂಡರಾಯಿತು ಎಂದುಕೊಂಡ ಕೂಡಲೇ ಅವರ ಹೆಗಲ ಮೇಲಿಂದ ಏನೋ ಇಳಿದಂತಾಯಿತು. ಆಮೇಲೆ ಕೆಲಸ ಸರಾಗವಾಗಿ ಸಾಗಿತು. ಬಹಳ ಕಾಲದ ಮೇಲೆ ಒಂದು ಪ್ರೋಗ್ರಾಂ ಅವರ ಕೈಯಲ್ಲಿ ಪೂರ್ತಿಯಾಯಿತು.

ಇಳಿಹೊತ್ತಿಗೆ ಎಲ್ಲರ ಫೋನಿನಲ್ಲೂ ಅದು ಬಂದು ಕೂತಿತು. ತೆರೆದರೆ ಒಂದೇ ವಾಕ್ಯ: "ಬೆಕ್ಕು ಇನ್ನೂ ಊಟ ಮಾಡಿಲ್ಲ." ಅದರ ಕೆಳಗೆ ಗುಂಡಿ: "ನಾನು ಹಾಕಿದೆ." ಯಾರಾದರೂ ಒತ್ತಿದರೆ ಎಲ್ಲರ ಫೋನೂ ಗಂಟೆ ಬಾರಿಸಿ ಹೆಸರು ಹೇಳುತ್ತಿತ್ತು. ನಾಲ್ಕೂ ಮನೆಯವರು ಒಟ್ಟಿಗೆ ಒತ್ತಿ ನೋಡಿದರು. ನಾಲ್ಕು ಸಾಲೂ ಭದ್ರವಾಗಿದ್ದವು. ಭಾವ ಕೂಡ, "ಪರವಾಗಿಲ್ಲ, ಆಟಿಕೆಯಾದ್ರೂ ಓಡುತ್ತೆ," ಎಂದ. ಕನ್ನಡಕದವರು ಪರೀಕ್ಷೆಯ ಸಾಲುಗಳನ್ನೆಲ್ಲ ಅಳಿಸಿ, ಎಲ್ಲರಿಗೂ ಕೈಮುಗಿದು, ಮನೆಗೆ ಬಂದು ಫೋನು ಎದುರಿಗಿಟ್ಟುಕೊಂಡು ಕೂತರು.

ಬೆಕ್ಕು ಇನ್ನೂ ಊಟ ಮಾಡಿಲ್ಲ.

ಒಂದು ಲೋಟ ಕಾಫಿ ಮುಗಿಯಿತು. ಬೀದಿಯ ದೀಪ ಹತ್ತಿತು. ಬೆಕ್ಕು ಇನ್ನೂ ಊಟ ಮಾಡಿಲ್ಲ. ಪ್ರೋಗ್ರಾಂ ಕೆಟ್ಟಿತೇ ಎಂದು ಡೇಟಾಬೇಸ್ ತೆರೆದು ನೋಡಿದರು. ಎಲ್ಲ ಸರಿಯಾಗಿತ್ತು, ಸಾಲು ಒಂದೂ ಇರಲಿಲ್ಲ. ಹೊಸದಾಗಿ ಸುಣ್ಣ ಹೊಡೆದ ಕೋಣೆಯಂತೆ ಖಾಲಿ.

ಅವರಿಗೆ ಕಸಿವಿಸಿಯಾಯಿತು. ಎಲ್ಲರೂ ಹೆದರಿದ್ದಾರೆ, ಪಾಪ. ವೈದ್ಯೆಯ ಮಾತು ಅಷ್ಟು ತಾಗಿದೆ. ಇಡೀ ದಿನ ಹೊಟ್ಟೆಗಿಲ್ಲದ ಪ್ರಾಣಿ ಯಾವ ಮೂಲೆಯಲ್ಲಿ ಮುದುರಿಕೊಂಡಿದೆಯೋ. ತಾನು ಒಂದು ಒಳ್ಳೆಯ ಕೆಲಸ ಮಾಡಲು ಹೋಗಿ ಅದನ್ನು ಉಪವಾಸ ಕೆಡವಿದೆನಲ್ಲ ಎಂದು ಅವರಿಗೆ ಕೂರಲಾಗಲಿಲ್ಲ. ಅಡುಗೆಮನೆಯಿಂದ ಬಟ್ಟಲಿಗೆ ಹಾಲು ಹಾಕಿಕೊಂಡು, ಬ್ರೆಡ್ಡಿನ ಒಂದು ತುಂಡು ಅದ್ದಿ, ಮೆಟ್ಟಿಲ ಮೇಲೆ ಬಂದು ಕರೆದರು.

ಬೆಕ್ಕು ಬಂತು. ಓಡಿ ಬರಲಿಲ್ಲ, ಒಂದೊಂದೇ ಮೆಟ್ಟಿಲಿಗೆ ನಿಂತು ಸುಧಾರಿಸಿಕೊಂಡು ಬಂತು. ಬಟ್ಟಲನ್ನು ಮೂಸಿ, ಮೂರನೇ ಮನೆಯ ತಿಂಡಿಯ ಮುಂದೆ ಕೂತ ಅತಿಥಿಯಂತೆ, ಮನೆಯವರಿಗೆ ಬೇಸರವಾಗದಿರಲಿ ಎಂದು ಎರಡು ಸಲ ನೆಕ್ಕಿತು. ಹಸಿವಿನಿಂದ ಸೊರಗಿದೆ ಎಂದುಕೊಂಡರು ಕನ್ನಡಕದವರು. ಅವರ ಕಣ್ಣು ತುಂಬಿ ಬಂತು. ಪ್ರಾಮಾಣಿಕವಾಗಿ ಫೋನು ತೆಗೆದು ಗುಂಡಿ ಒತ್ತಿದರು.

ಕಟ್ಟಡದ ತುಂಬ ಗಂಟೆ ಮೊಳಗಿತು. ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆದುಕೊಂಡವು.

"ಓಹೋ! ನೀನೇನಾ?" ಎಂದ ಭಾವ ಮೇಲಿನಿಂದ.

"ನೀವಾ ಸಾರ್ ಪೈಲ್ವಾನ್‌ನ ಹೀಗೆ ಮಾಡಿದ್ದು?" ಎಂದ ನಲ್ಲಿಯವನು ಕೆಳಗಿನಿಂದ.

"ಬೆಳಿಗ್ಗೆ ವೈದ್ಯರ ಹತ್ರ ಯಾರೋ ಒಬ್ರು ಹಾಕ್ತಾರೆ ಅಂದ್ಯಂತಲ್ಲ," ಎಂದರು ಟೀಚರ್ ನೊಂದ ದನಿಯಲ್ಲಿ.

"ನಾನು ಇವತ್ತೇ ಮೊದಲ್ನೇ ಸಲ," ಎಂದು ಕನ್ನಡಕದವರು ತೊದಲಿದರು. ಆಗಲೇ ಅವರಿಗೆ ಬೆಕ್ಕಿನ ಮೀಸೆಯ ಮೇಲೆ ಮೊಟ್ಟೆಯ ಹಳದಿ ಕಂಡಿತು. ನಲ್ಲಿಯವನ ಕೈಯಲ್ಲಿ ಮೊಟ್ಟೆಯ ಚಿಪ್ಪಿತ್ತು. ಟೀಚರ್ ಸೆರಗಿನ ಮರೆಯಲ್ಲಿ ಸಣ್ಣ ತಟ್ಟೆಯಿತ್ತು. ಭಾವನ ಕೈಯಿಂದ ಮೀನಿನ ವಾಸನೆ ಮೊದಲನೇ ಮಹಡಿಯವರೆಗೂ ಇಳಿದು ಬರುತ್ತಿತ್ತು.

"ನೀವೆಲ್ಲ ಹಾಕಿದೀರಾ! ಯಾರೂ ಯಾಕೆ ಒತ್ತಲಿಲ್ಲ?"

"ಊಟ ಹಾಕಿದ್ರೆ ತಾನೆ ಒತ್ತೋದು?" ಎಂದರು ಟೀಚರ್. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರ ಮುಖ ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. "ನಾನು ಕೊಟ್ಟಿದ್ದು ಒಂಚೂರು."

"ವಾದ ಯಾಕೆ? ಡೇಟಾ ನೋಡಿ," ಎಂದು ಭಾವ ತನ್ನ ಫೋನು ಎತ್ತಿ ಹಿಡಿದ. ಡೇಟಾಬೇಸ್‌ನಲ್ಲಿ ಒಂದೇ ಒಂದು ಸಾಲಿತ್ತು. ಅದರಲ್ಲಿದ್ದದ್ದು ಒಂದೇ ಒಂದು ಹೆಸರು.

ತೀರ್ಪು ಅಲ್ಲಿಯೇ ಆಯಿತು. ಇನ್ನು ಮುಂದೆ ದಿನಾ ಬೆಳಿಗ್ಗೆ ಕನ್ನಡಕದವರೇ ಬೆಕ್ಕನ್ನು ಎತ್ತಿಕೊಂಡು ಹೋಗಿ ವೈದ್ಯೆಯ ತಕ್ಕಡಿಯಲ್ಲಿ ತೂಗಿಸಿ ತರಬೇಕು. ಬಾಗಿಲುಗಳು ಮುಚ್ಚಿಕೊಂಡವು.

ಮನೆಯೊಳಗೆ ಬಂದು ಅವರು ಹೆಂಡತಿಯ ಎದುರು ಕುಸಿದು ಕೂತರು. "ನೋಡಿದ್ಯಾ? ಮೂರೂ ಮನೆಯವ್ರು ಹಾಕಿದಾರೆ, ಸಿಕ್ಕಿಬಿದ್ದಿದ್ದು ನಾನೊಬ್ನೇ."

ಅವಳು ಅವರ ಕಡೆ ನೋಡದೆ ಹೇಳಿದಳು:

"ಮೂರಲ್ಲ, ನಾಲ್ಕು. ನಾನೇನು ಮಾಡ್ಲಿ? ಬೆಕ್ಕು ಇನ್ನೂ ಊಟ ಮಾಡಿಲ್ಲ, ಊಟ ಮಾಡಿಲ್ಲ ಅಂತ ನಿಮ್ಮ ಪ್ರೋಗ್ರಾಮೇ ಸಂಜೆಯಿಂದ ಹೇಳ್ತಿತ್ತಲ್ಲ."