ಪೂಜೆಗಿಟ್ಟ ಮಾತ್ರೆ

ಆಯುಧಪೂಜೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಟೈಲರ್ ಮಹದೇವು ಮಾತ್ರೆಗೆಂದು ಕೈಚಾಚಿದರೆ ಡಬ್ಬಿಯೇ ಇಲ್ಲ! ಹುಡುಕುತ್ತ ನಡುಮನೆಗೆ ಬಂದವನು ಅಲ್ಲೇ ನಿಂತುಬಿಟ್ಟ. ಹೊಲಿಗೆ ಮಿಷನ್ನು, ಕತ್ತರಿ, ಇಸ್ತ್ರಿ ಪೆಟ್ಟಿಗೆ, ಈಳಿಗೆಮಣೆ, ಟಿವಿ ರಿಮೋಟು, ಇವೆಲ್ಲದರ ನಡುವೆ ಅವನ ಮಾತ್ರೆ ಡಬ್ಬಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಮೇಲೊಂದು ಚೆಂಡುಹೂವು ಹೊತ್ತು ಕುಳಿತಿತ್ತು.

“ಅವ್ವಾ, ಇದನ್ಯಾಕೆ ಇಲ್ಲಿಟ್ಟೆ?”

“ಯಾವುದರಿಂದ ಬದುಕ್ತೀಯೋ ಅದೇ ಕಣೋ ನಿನ್ ಆಯುಧ,” ಎಂದರು ತಾಯಿ ಸುಂದರಮ್ಮ. “ಕತ್ತರಿ ಇಲ್ದೆ ಎರಡು ದಿನ ಇರ್ತೀಯ. ಇದಿಲ್ದೆ ಇರ್ತೀಯಾ?”

“ಇರಕ್ಕಾಗಲ್ಲ ಅಂತಲೇ ಕೇಳ್ತಿರೋದು. ಕೊಡವ್ವ.”

“ಪೂಜೆ ಆಗೋಯ್ತು. ನಾಳೆ ಬೆಳಿಗ್ಗೆ ಕದಲಿಸೋಗಂಟ ಮುಟ್ಟಂಗಿಲ್ಲ.”

ಹೋದ ವರ್ಷ ಕತ್ತರಿಗೊಂದು ಹೂವಿಟ್ಟು ಕೈತೊಳೆದುಕೊಂಡಿದ್ದ ಮುದುಕಿಗೆ ಈ ಸಲ ಎಲ್ಲಿಲ್ಲದ ಉತ್ಸಾಹ. ಎದುರುಮನೆಯ ರಿಟೈರ್ಡ್ ಮೇಷ್ಟ್ರು ಶಾಮಣ್ಣನವರ ಊರುಗೋಲನ್ನೂ ಬಿಡದೆ ಎಳೆದುತಂದು ಸಾಲಿನಲ್ಲಿ ಮಲಗಿಸಿದ್ದರು.

ಎರಡೂವರೆ ವರ್ಷದ ಹಿಂದೆ ಮಹದೇವುಗೆ ಏನಾಗಿತ್ತೆಂದು ಅವನಿಗೇ ಗೊತ್ತಿಲ್ಲ. ಆರು ತಿಂಗಳು ಗೋಡೆ ನೋಡಿಕೊಂಡು ಕುಳಿತುಬಿಟ್ಟಿದ್ದ. ಸಿದ್ಧಾರ್ಥನಗರದ ಡಾಕ್ಟರಮ್ಮ ದಿನಕ್ಕೊಂದು ಬಿಳಿ ಮಾತ್ರೆ ಬರೆದುಕೊಟ್ಟ ಮೇಲೆ ಮನುಷ್ಯ ಎದ್ದ, ನಕ್ಕ, ಮಿಷನ್ ತುಳಿದ. ಅಂದಿನಿಂದ ಅದನ್ನು ತೀರ್ಥದ ಹಾಗೆ ಅಂಗೈಗೆ ಹಾಕಿಕೊಂಡು, ಕಣ್ಣು ಮುಚ್ಚಿ ನುಂಗುವುದು ಅವನ ನೇಮ. ಒಂದು ತಿಂಗಳಿಂದ ಮಾತ್ರ ಅದಕ್ಕೆ ಮೊದಲಿನ ಹಿಡಿತ ಇದ್ದಂತಿರಲಿಲ್ಲ. ಮೊದಲ ವಾರ ತಲೆಯೂ ತಿರುಗಿತ್ತು. “ಮೈ ಒಗ್ಗೋಗ್ಬುಟ್ಟೈತೆ ಕಣೋ, ಒಂದು ಸಾಲ್ದು,” ಎಂದು ಶಾಮಣ್ಣ ತೀರ್ಪು ಕೊಟ್ಟಿದ್ದರು. ಡಾಕ್ಟರಮ್ಮನನ್ನು ಒಂದು ಮಾತೂ ಕೇಳದೆ ಎಂಟು ದಿನದಿಂದ ಎರಡೆರಡು ನುಂಗುತ್ತಿದ್ದ, ಮಾರಾಯ! ಎರಡು ಬೇಕಾದವನಿಗೆ ಇವತ್ತು ಒಂದೂ ಇಲ್ಲವೆಂದರೆ ಮತ್ತೆ ಆ ಗೋಡೆಯೇ ಗತಿ.

ಡಾಕ್ಟರಮ್ಮನಿಗೆ ಫೋನು ಮಾಡಿದ. ರಿಂಗಾಯಿತೇ ಹೊರತು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಶಾಮಣ್ಣ ಬಂದರು. ಶಾಮಣ್ಣನಿಗೆ ತಿಳಿದರೆ ಇಡೀ ಕುಂಬಾರಕೊಪ್ಪಲು ಬಡಾವಣೆಗೇ ತಿಳಿದಂತೆ. ಹತ್ತು ನಿಮಿಷದಲ್ಲಿ ಅರ್ಧ ಬೀದಿ ಅವನ ಜಗಲಿಯ ಮೇಲಿತ್ತು.

“ಬಂತಾ ಮಹದೇವು?” ಎಂದರು ಶಾಮಣ್ಣ.

“ಏನು ಸಾರ್?”

“ಬೇಜಾರು.”

“ಇನ್ನೂ ಇಲ್ಲ.”

“ಬರತ್ತೆ, ಬರತ್ತೆ. ಬಂದ ತಕ್ಷಣ ಹೇಳು, ಸಂಕೋಚ ಪಡಬೇಡ.”

ಪಕ್ಕದ ಮನೆ ಚಾಮುಂಡೇಶ್ವರಿ ಒಂದು ತಟ್ಟೆ ಕೇಸರಿಬಾತು ತಂದು, “ಬರೋಕೆ ಮುಂಚೆ ತಿಂದ್ಬುಡಿ ಅಣ್ಣ, ಆಮೇಲೆ ರುಚಿಸಲ್ಲ,” ಎಂದರು. ಅರ್ಧ ಗಂಟೆಗೊಬ್ಬರು ಬಂದು “ಬಂತಾ?” ಅನ್ನುವುದು, ಅವನು ಎದೆ ಮುಟ್ಟಿ ನೋಡಿಕೊಂಡು “ಇಲ್ಲ” ಅನ್ನುವುದು, ಇದೇ ನಡೆಯಿತು. ಬಸ್ ಸ್ಟ್ಯಾಂಡಿನಲ್ಲೂ ಜನ ಬಸ್ಸನ್ನು ಇಷ್ಟು ಆಸೆಯಿಂದ ಕಾಯುವುದಿಲ್ಲ.

ತಡೆಯಲಾರದೆ ಮೂಲೆಯ ಮೆಡಿಕಲ್ಸಿಗೆ ಓಡಿದ. ಅಂಗಡಿಯ ರವಿಚಂದ್ರ ಆಗತಾನೆ ಬಾಗಿಲ ಮುಂದೆ ಬೂದುಗುಂಬಳ ಒಡೆದು ಕೈ ಒರೆಸಿಕೊಳ್ಳುತ್ತಿದ್ದ.

“ಅಣ್ಣ, ಬಿಲ್ ಮಿಷನ್ನು, ಬೀರು ಎಲ್ಲಾ ಪೂಜೆಗಿಟ್ಟಾಯ್ತು. ಸಂಜೆ ನಾನೇ ಮನೇಗೆ ಬರ್ತೀನಿ, ಡಾಕ್ಟರ್ ಚೀಟಿ ತೆಗೆದಿಟ್ಟಿರಿ.”

“ಸಂಜೆಗಂಟ ನಾನಿರ್ತೀನೇನಯ್ಯಾ!” ಎಂದು ತಿರುಗಿದ ಮಹದೇವು ನೇರ ಕುಂಬಳಕಾಯಿಯ ಮೇಲೆ ಕಾಲಿಟ್ಟ. ಜರ್ರನೆ ಜಾರಿದವನು ಅದರ ಕುಂಕುಮದಲ್ಲೇ ಹೊರಳಿ ಎದ್ದ. ಕೆಂಪಾಗಿ ಕುಂಟುತ್ತ ಬಂದವನನ್ನು ಕಂಡು ಬೀದಿಯೇ ಬೊಬ್ಬೆಯಿಟ್ಟಿತು. ಒಬ್ಬರು ಆಂಬುಲೆನ್ಸಿಗೆ ಫೋನು ಹಚ್ಚಿದರು, ಇನ್ನೊಬ್ಬರು ಗುದ್ದಿದ ಲಾರಿಯ ನಂಬರು ಕೇಳಿದರು. ಸುಂದರಮ್ಮ ಬೆರಳಲ್ಲಿ ಮುಟ್ಟಿ ನೋಡಿ, “ಕುಂಬಳಕಾಯಿ ಕಣ್ರಪ್ಪಾ!” ಎಂದರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಹದೇವೂ ನಕ್ಕ. ನಕ್ಕವನು ಗಾಬರಿಯಾಗಿ ಎದೆ ಮುಟ್ಟಿಕೊಂಡ.

ಸಂಜೆ ರವಿಚಂದ್ರ ಬಂದ. ಕಡ್ಲೆಪುರಿ ಮೆಲ್ಲುತ್ತ, ಕೈ ಹಿಂದೆ ಕಟ್ಟಿಕೊಂಡು ಪೂಜೆಗಿಟ್ಟ, ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿಯತ್ತ ಬಗ್ಗಿದ.

“ಅಣ್ಣ, ಇದು ನಿಮ್ ಮಾತ್ರೇನೇ ಅಲ್ಲ! ನಿಮ್ದು ಚಿಕ್ಕದು, ನಡುವೆ ಗೆರೆ ಇರತ್ತೆ. ಇದು ಕ್ಯಾಲ್ಸಿಯಂ. ಅವ್ವನ ಮಂಡಿಗೆ ಕೊಡೋದು.”

ಎಲ್ಲರೂ ಸುಂದರಮ್ಮನ ಕಡೆ ತಿರುಗಿದರು.

“ಗೌರಿ ಹಬ್ಬಕ್ಕೆ ಎರಡು ಡಬ್ಬೀನೂ ತೊಳೆದೆ,” ಎಂದರು ಸುಂದರಮ್ಮ. “ಕೆಂಪು ಮುಚ್ಚಳ ನಿಂದೋ ನಂದೋ ಮರೆತೋಯ್ತು. ಅಂದಾಜಿನ ಮೇಲೆ ತುಂಬ್ಸಿಟ್ಟೆ. ಅದಕ್ಕೇ ಕಣೋ! ಮಂಡಿನೋವು ಹಂಗೇ ಐತೆ, ಮನಸು ಮಾತ್ರ ಹೂವಾಗೈತೆ.”

ಅಂದರೆ ಒಂದು ತಿಂಗಳಿಂದ ತನ್ನ ಹೊಟ್ಟೆಗೆ ಆ ಮಾತ್ರೆ ಬಿದ್ದೇ ಇಲ್ಲ! ಆದರೂ ಹೊಲಿದಿದ್ದಾನೆ, ಉಂಡಿದ್ದಾನೆ, ಇವತ್ತು ಕುಂಬಳಕಾಯಿಯಲ್ಲಿ ಬಿದ್ದು ನಕ್ಕಿದ್ದಾನೆ. ಮಹದೇವುಗೆ ಕಣ್ಣಲ್ಲಿ ನೀರು ಬಂತು. ಎರಡು ವರ್ಷದಿಂದ ಹೊತ್ತಿದ್ದ ಭಯ ಇಳಿದು ಮೈಯೆಲ್ಲ ಹಗುರವಾಯಿತು.

“ಬಂತು!” ಎಂದು ಕೂಗಿದರು ಶಾಮಣ್ಣ.

“ಸುಮ್ನಿರಿ ಸಾರ್, ಇದು ಸಂತೋಷ!”

ಅಷ್ಟರಲ್ಲಿ ಡಾಕ್ಟರಮ್ಮನೇ ಫೋನು ಮಾಡಿದರು. ಮಹದೇವು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ತಮ್ಮನ್ನು ಕೇಳದೆ ಎರಡು ನುಂಗಿದ್ದಕ್ಕೆ ಮೊದಲು ಚೆನ್ನಾಗಿ ಬೈದರು. ಆಮೇಲೆ ಹೇಳಿದರು: “ನಿಮ್ಮ ಪುಣ್ಯ, ಚೆನ್ನಾಗಿದ್ದೀರಿ. ಸದ್ಯಕ್ಕೆ ಮತ್ತೆ ಶುರು ಮಾಡಬೇಡಿ, ನಾಡಿದ್ದು ಬನ್ನಿ. ಅಮ್ಮನ್ನೂ ಕರ್ಕೊಂಡ್ ಬನ್ನಿ. ಅವರು ಒಂದೇ ಸಲ ನಿಲ್ಲಿಸಂಗಿಲ್ಲ, ನಿಧಾನವಾಗಿ ಇಳಿಸಬೇಕು. ಅಲ್ಲೀವರೆಗೆ ದಿನಕ್ಕೊಂದು, ನಿಮ್ಮ ಕೈಯಿಂದಲೇ ಕೊಡಿ. ಡಬ್ಬಿ ಅವರ ಕೈಗೆ ಸಿಗಬಾರದು.”

ಮಹದೇವು ಅವ್ವ ಬಳಸುತ್ತಿದ್ದ ಆ ಇನ್ನೊಂದು ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಹಿಂದೆಯೇ ಸುಂದರಮ್ಮ ಬಂದು ನಿಂತರು.

“ಒಂದು ಸಾಲಲ್ಲ ಕಣೋ. ನಂಗೂ ಮೈ ಒಗ್ಗೋಗೈತೆ. ಎರಡು ಕೊಡು.”

“ಆಗಲ್ಲವ್ವ, ಡಾಕ್ಟರಮ್ಮ ಬೇಡ ಅಂದವ್ರೆ.”

“ಎರಡು ವರ್ಷ ನೀನು ನುಂಗ್ದಾಗ ನಾನೇನಾದ್ರೂ ಅಂದ್ನಾ?”

ಮಹದೇವು ಬೀಗದ ಕೈಯನ್ನು ಉಡಿದಾರಕ್ಕೆ ಎರಡು ಗಂಟು ಹಾಕಿ ಕಟ್ಟಿಕೊಂಡು, ಬೀರುವಿಗೆ ಬೆನ್ನು ಕೊಟ್ಟು ಕುಳಿತ. ಎದುರಿಗೆ ಸುಂದರಮ್ಮನೂ ಮಣೆ ಹಾಕಿಕೊಂಡು ಕುಳಿತರು.