ನಾನು ಒತ್ತದ ಸ್ಟಾಪ್‌ವಾಚ್

ಇನ್ನೊಬ್ಬರನ್ನು ಹೊಗಳುವ ಕಲೆ ನನಗೆ ಚೆನ್ನಾಗಿ ಒಲಿದಿದೆ ಎಂದು ಬಹಳ ವರ್ಷ ನಂಬಿದ್ದೆ. ಕುಷ್ಟಗಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು. ಬೀಳ್ಕೊಡುಗೆ ಸಮಾರಂಭವೆಂದರೆ ಮೈಕು ನನ್ನ ಕೈಗೇ ಬರುತ್ತದೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದಾಗ ಸೀಟಿಯೂ ನನ್ನ ಕೊರಳಿಗೇ ಬಂತು. ನನ್ನ ಹೊಟ್ಟೆಯನ್ನು ನೋಡಿ ಕೊಟ್ಟರೆಂದು ಮಾತ್ರ ಹೇಳಲಾರೆ.

ಹತ್ತನೆಯ ತರಗತಿಯ ಶಬಾನಾ ಎಂಟುನೂರು ಮೀಟರ್ ಓಡುತ್ತಿದ್ದಳು. ಅವಳ ಅಪ್ಪ, ದರ್ಜಿ ಮೌಲಾಸಾಬರು, ಹಾಸ್ಟೆಲ್ ಸಿಗದಿದ್ದರೆ ಓದು ಇಲ್ಲಿಗೇ ಸಾಕು ಎಂದುಬಿಟ್ಟಿದ್ದರು. ಗಂಗಾವತಿಯ ಒಂದು ಕಾಲೇಜಿನಲ್ಲಿ ಓಟಗಾರರಿಗೆ ಹಾಸ್ಟೆಲ್ ಸಮೇತ ಸೀಟು ಇದೆಯೆಂದು ತಿಳಿದು ಅಲ್ಲಿಯ ಕೋಚ್ ಮೇಡಂಗೆ ನಾಲ್ಕು ಪುಟದ ಪತ್ರ ಬರೆದೆ. ಜಿಂಕೆ, ಮಿಂಚು, ಬಿರುಗಾಳಿ, ಯಾವುದನ್ನೂ ಬಿಡಲಿಲ್ಲ. ಎರಡು ವಾರ ಕಳೆದರೂ ಉತ್ತರವಿಲ್ಲ. ಕಡೆಗೆ ಶಬಾನಾಳೇ ನನ್ನ ಮೊಬೈಲ್ ಇಸಿದುಕೊಂಡು, ತಾನು ಓಡಿದ ಕ್ರೀಡಾಕೂಟಗಳು, ತೆಗೆದುಕೊಂಡ ವೇಳೆ, ವಯಸ್ಸು, ಇಷ್ಟನ್ನು ಐದು ಸಾಲಿನಲ್ಲಿ ಬರೆದು, ಓಟದ ಒಂದು ವಿಡಿಯೋ ಸೇರಿಸಿ ಕಳಿಸಿದಳು. ಅಂದು ಸಂಜೆಯೇ ಮೇಡಂ ಫೋನ್ ಮಾಡಿ, ಭಾನುವಾರ ಕರೆದುಕೊಂಡು ಬರಲು ಹೇಳಿದರು.

ಗಂಗಾವತಿಯ ಮೈದಾನದಲ್ಲಿ ಮೇಡಂ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟು, ತಾವು ದೂರದ ತಿರುವಿನಲ್ಲಿ ನಿಂತರು. ಶಬಾನಾ ಹೊರಟಳು. ಅದುವರೆಗೆ ನಾನು ಅವಳನ್ನು ಸೀಟಿ ಊದುವ ಗಡಿಬಿಡಿಯಲ್ಲಿ ನೋಡಿದ್ದೆನೇ ಹೊರತು ಹೀಗೆ ಸುಮ್ಮನೆ ನಿಂತು ನೋಡಿರಲಿಲ್ಲ. ಎರಡನೆಯ ಸುತ್ತಿನಲ್ಲಿ ಅವಳ ಪಾದ ನೆಲ ಮುಟ್ಟುತ್ತಿದೆಯೋ ಇಲ್ಲವೋ ತಿಳಿಯದಾಯಿತು. ನನ್ನ ಬಳಿ ಇದ್ದ ಹೋಲಿಕೆಗಳೆಲ್ಲ ಬಾಯಲ್ಲೇ ಒಣಗಿದವು. ಅವಳು ಗೆರೆ ದಾಟಿ ಎಷ್ಟೋ ಹೊತ್ತಿನ ಮೇಲೆ, ಮೇಡಂ ಬಂದು, "ಎಷ್ಟಾತ್ರಿ ಸರ್?" ಎಂದಾಗ ಕೈ ನೋಡಿಕೊಂಡೆ. ವಾಚು ಇನ್ನೂ ಓಡುತ್ತಿತ್ತು.

ಒಂದು ಹುಡುಗಿಯ ಕಾಲೇಜನ್ನು ಬಾಯಿ ತೆರೆದು ನಿಂತು ಕಳೆದೆನಲ್ಲ ಎಂದು ಬೆವರಿದೆ. ಶಬಾನಾ ಏದುಸಿರು ಬಿಡುತ್ತಲೇ ಹೇಳಿದಳು: "ಇರಲಿ ಬಿಡ್ರಿ ಸರ್. ಇನ್ನೊಮ್ಮೆ ಓಡ್ತೀನಿ."

ಹತ್ತು ನಿಮಿಷ ಬಿಟ್ಟು ಓಡಿಯೇಬಿಟ್ಟಳು. ಈ ಸಲ ವಾಚು ಮೇಡಂ ಕೈಯಲ್ಲೇ ಇತ್ತು. ಅವರು ಅದನ್ನೊಮ್ಮೆ ನೋಡಿ, ಅವಳನ್ನೊಮ್ಮೆ ನೋಡಿ, "ಓಡೂದು ನಾ ಕಲಸ್ತೀನ್ರಿ. ಹಿಂಗ ತಿರುಗಿ ಹೋಗಿ ಗೆರಿ ಮ್ಯಾಲ ನಿಂದ್ರೂದು ಕಲಸಾಕ ಬರಂಗಿಲ್ಲ," ಎಂದು ಅರ್ಜಿ ತುಂಬಿಸಿಕೊಂಡರು.

ಊರಿಗೆ ಬಂದಾಗ ಮೌಲಾಸಾಬರು ನನ್ನ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಎಲ್ಲಾ ನಿಮ್ಮಿಂದ ಆತ್ರಿ, ಸರ್."

ತಲೆ ತಗ್ಗಿಸಿದೆ. ಅವರು ಅದನ್ನು ವಿನಯವೆಂದುಕೊಂಡರು. ನಾನೂ ತಿದ್ದಲು ಹೋಗಲಿಲ್ಲ.